ತಾಯಮ್ಮ ಬಣ್ಣ ಹಚ್ಚಿದ ದೀಪ

ನಮ್ಮಕ್ಕನ ಮನೆಯ ಹಿತ್ತಿಲಲ್ಲಿ ಬಟ್ಟೆ ಒಣಹಾಕುವ ತಂತಿಗೆ ಒಂದು ದೀಪ ನೇತಾಡುತ್ತಿತ್ತು. ಈ ಕಡೆ ಭಾವನ ಪಂಚೆ, ಆ ಕಡೆ ಅಕ್ಕನ ಕುಪ್ಪಸ, ನಡುವೆ ಕರೀ ಬಣ್ಣ ಬಳಿಸಿಕೊಂಡು ಗಾಳಿ ಬಂದ ಕಡೆಗೆ ಮೆಲ್ಲಗೆ ತಿರುಗುವ ಆ ದೀಪ. ದೊಡ್ಡ ಬದನೆಕಾಯಿಯ ಗಾತ್ರ. ಬೀದಿಯ ಹೆಂಗಸರು ಬೇಲಿಯಾಚೆ ನಿಂತು "ಏನ್ ತಾಯಮ್ಮ, ಲೈಟ್ಗೂ ಎಣ್ಣೆ ನೀರಾ?" ಎಂದು ಕೀಟಲೆ ಮಾಡುತ್ತಿದ್ದರು. ಅಕ್ಕ ತಲೆಯೆತ್ತದೆ "ಹೂಂ ಕಣ್ರಮ್ಮ, ಬನ್ನಿ, ನಿಮ್ಗೂ ಒಂದ್ ಕೈ ಬಳೀತೀನಿ" ಎನ್ನುತ್ತಿದ್ದಳು. ನಮ್ಮಕ್ಕನ ಬಾಯಿಗೆ ಬೀದಿ ಹೆದರುತ್ತಿತ್ತು.

ಅದು ನೀರೊಳಗೆ ಉರಿಯುವ ದೀಪ. ನಮ್ಮೂರು ದೊಡ್ಡ ಕಟ್ಟೆಯೊಂದರ ಮಗ್ಗುಲಲ್ಲಿತ್ತು. ತೂಬಿನ ಬಾಗಿಲಿಗೆ ಮರದ ದಿಮ್ಮಿ ಸಿಕ್ಕಿಕೊಂಡರೆ, ದೋಣಿ ಮಗುಚಿ ಸಾಮಾನು ತಳ ಸೇರಿದರೆ, ಕರೆ ಬರುತ್ತಿದ್ದದ್ದು ನನ್ನ ಭಾವ ಚೆಲುವಯ್ಯನವರಿಗೆ. ಬೆನ್ನಿಗೆ ಗಾಳಿಯ ಸಿಲಿಂಡರು, ನಡುವಿಗೆ ಸೀಸದ ಪಟ್ಟಿ, ಕೈಯಲ್ಲಿ ಈ ದೀಪ ಹಿಡಿದು ಅವರು ಮುಳುಗಿದರೆ, ಅವರ ನಡುವಿಗೆ ಕಟ್ಟಿದ ಹಗ್ಗ ಹಿಡಿದು ಮೇಲೆ ದೋಣಿಯಲ್ಲಿ ಕೂರುತ್ತಿದ್ದವನು ನಾನು. ನನಗೆ ಆಗಲೇ ಮದುವೆಯಾಗಿ ಮಕ್ಕಳಿದ್ದರು. ಆದರೂ ಭಾವನ ಮುಂದೆ ನಾನು ಯಾವತ್ತೂ "ಲೋ ಬಾಮೈದ"ನೇ.

ಆ ದೀಪದ ಮೈ ಅಲ್ಯೂಮಿನಿಯಮ್ಮಿನದು. ಹೊಸದರಲ್ಲಿ ಅದರ ಮೇಲೊಂದು ಗಟ್ಟಿ ಲೇಪ ಇರುತ್ತದೆ. ಕಲ್ಲಿಗೆ ಉಜ್ಜಿ, ಕಬ್ಬಿಣಕ್ಕೆ ತಾಗಿ ಅದು ಸವೆದುಹೋದರೆ ನೀರು ನೇರವಾಗಿ ಲೋಹಕ್ಕೆ ಬಾಯಿ ಹಾಕುತ್ತದೆ. ಬಿಳೀ ಹಿಟ್ಟಿನಂತೆ ಏನೋ ಏಳುತ್ತದೆ, ಒರೆಸಿದರೆ ಅಡಿಯಲ್ಲಿ ಸಣ್ಣ ಸಣ್ಣ ಗುಳಿ. ಅದನ್ನು ಸರಿಮಾಡುವ ಕೆಲಸ ನಮ್ಮಲ್ಲಿ ಮುಳುಗುವವನದಲ್ಲ, ಅವನ ಹೆಂಡತಿಯದು. ಯಾಕೆ ಎಂದು ನನ್ನನ್ನು ಕೇಳಬೇಡಿ. ನನ್ನ ಅಜ್ಜಿಯೂ ಹಾಗೆಯೇ ಮಾಡುತ್ತಿದ್ದಳಂತೆ.

ಅಕ್ಕ ಆ ಕೆಲಸಕ್ಕೆ ಕೂತರೆ ನೋಡಬೇಕು. ಮೊದಲು ಗಾಜು ಬಿಚ್ಚಿ, ಬ್ಯಾಟರಿ ತೆಗೆದು, ನೀರು ತಡೆಯುವ ರಬ್ಬರಿನ ಉಂಗುರವನ್ನು ಸೂಜಿಯ ಹಿಂಬದಿಯಿಂದ ಎಬ್ಬಿಸಿ ಒಂದು ಬಟ್ಟಲಲ್ಲಿ ಇಡುತ್ತಿದ್ದಳು. ಮೈಯನ್ನು ಸಬಕಾರದ ನೀರಲ್ಲಿ ತೊಳೆದು ಬಿಸಿಲಿಗಿಟ್ಟು, ಬಿಳಿ ಎದ್ದ ಕಡೆಯೆಲ್ಲ ಉಪ್ಪುಕಾಗದದಿಂದ ತಿಕ್ಕುತ್ತಿದ್ದಳು. ಉಂಗುರ ಕೂರುವ ತೋಡಿಗೆ ಮಾತ್ರ ಮೇಣ ಸವರಿದ ನೂಲು ಸುತ್ತಿ ಮುಚ್ಚುತ್ತಿದ್ದಳು. ಅಲ್ಲಿ ಒಂದು ಹನಿ ಬಣ್ಣ ಬಿದ್ದು ಗಂಟುಗಟ್ಟಿದರೂ ಉಂಗುರ ಸರಿಯಾಗಿ ಕೂರುವುದಿಲ್ಲ, ಆಳಕ್ಕೆ ಹೋದಂತೆ ನೀರು ಒಳಗೆ ನುಗ್ಗುತ್ತದೆ. ಆಮೇಲೆ ಎರಡು ಡಬ್ಬಿಯ ಬಣ್ಣ ಬೆರೆಸಿ ತೆಳ್ಳಗೆ ಒಂದು ಕೈ, ಒಣಗಿದ ಮೇಲೆ ಇನ್ನೊಂದು ಕೈ. ಅಷ್ಟಾದ ಮೇಲೆ ತಂತಿಗೆ ನೇತುಹಾಕುವುದು. ಮಳೆಗಾಲ ಮುಗಿದ ಮೇಲೆ ವರ್ಷಕ್ಕೊಂದು ಸಲ ಈ ಸೇವೆ ನಡೆದರೆ ಸಾಕಾಗುತ್ತಿತ್ತು.

ಆದರೆ ನಾನು ಹೇಳುತ್ತಿರುವ ಆ ವರ್ಷ ದೀಪ ಮತ್ತೆ ಮತ್ತೆ ತಂತಿ ಏರುತ್ತಿತ್ತು. ಭಾವ ನಾಲ್ಕಾರು ಸಲ ಮುಳುಗಿ ಬರುವಷ್ಟರಲ್ಲಿ ಬಣ್ಣ ಎದ್ದುಬರುತ್ತಿತ್ತು. "ಏನಕ್ಕಾ, ಬಣ್ಣದಂಗ್ಡಿಯವ್ನು ಟೋಪಿ ಹಾಕ್ತಾವ್ನಾ?" ಎಂದು ಕೇಳಿದರೆ "ಇರ್ಬೋದು ಬಿಡು" ಎಂದಳು. ಬಣ್ಣದಂಗಡಿಯವನನ್ನು ಬೈಯುವ ಅವಕಾಶ ಸಿಕ್ಕಿಯೂ ಬಿಟ್ಟುಕೊಟ್ಟಳಲ್ಲ, ನಮ್ಮಕ್ಕನಿಗೆ ಮೈಯಲ್ಲಿ ಹುಷಾರಿಲ್ಲವೇನೋ ಅಂದುಕೊಂಡೆ. ಅವಳು ಮೊದಲಿನಂತೆ ಎಲ್ಲರ ಎದುರು ಜಗುಲಿಯಲ್ಲಿ ಕೂತು ಬಣ್ಣ ಹಚ್ಚುತ್ತಿರಲಿಲ್ಲ. ದೀಪ ಮನೆಗೆ ಬಂದ ಕೂಡಲೇ ಸೆರಗಿನಲ್ಲಿ ಸುತ್ತಿ ಒಳಗೆ ಒಯ್ಯುತ್ತಿದ್ದಳು, ಕಪ್ಪಗೆ ಮಿರುಗಿದ ಮೇಲೆಯೇ ಅದು ಹಿತ್ತಿಲಿಗೆ ಬರುತ್ತಿತ್ತು.

ಭಾವನ ಗತ್ತು ಮಾತ್ರ ಎಳ್ಳಷ್ಟೂ ಕಡಿಮೆಯಾಗಿರಲಿಲ್ಲ. ಎತ್ತರದ ಆಳು, ಮೀಸೆ ಹುರಿಮಾಡಿಕೊಂಡು ಕಟ್ಟೆಯ ಮೇಲೆ ನಡೆದು ಬಂದರೆ ಎದುರಿಗಿದ್ದವರೇ ಪಕ್ಕಕ್ಕೆ ಸರಿಯಬೇಕು. ಈಚೆಗಂತೂ ಅವರು ಯಾರಿಗೂ ದಾರಿ ಬಿಡುತ್ತಲೇ ಇರಲಿಲ್ಲ. ಒಂದು ಸಲ ಸಂತೆಯಲ್ಲಿ ಹೂವಿನವಳ ಬುಟ್ಟಿಗೆ ಕಾಲು ಹಾಕಿ, "ದಾರೀಲಿ ಇಡ್ತಾರೇನಮ್ಮ?" ಎಂದು ಅವಳನ್ನೇ ಗದರಿದರು. ನಾನು ಮನಸ್ಸಿನಲ್ಲೇ, ನೆತ್ತಿಗೇರಿದೆ ನಮ್ಮ ಭಾವನಿಗೆ, ಅಂದುಕೊಂಡೆ.

ಅಷ್ಟರಲ್ಲಿ ತೂಬು ಕೆಟ್ಟಿತು. ದೊಡ್ಡ ದಿಮ್ಮಿಯೊಂದು ಬಾಗಿಲ ಅಡಿಗೆ ಸಿಕ್ಕಿ, ಬಾಗಿಲು ಪೂರ್ತಿ ಏಳುವಂತೆಯೂ ಇಲ್ಲ, ಪೂರ್ತಿ ಇಳಿಯುವಂತೆಯೂ ಇಲ್ಲ. ತೂಬಿನ ಮೇಸ್ತ್ರಿ ದಸ್ತಗೀರ್ ಸಾಹೇಬರು ಮನೆಗೇ ಬಂದು ಕೂತರು. ಕೆಲಸ ಹೀಗೆ: ಮೊದಲ ದಿನ ಭಾವ ಇಳಿದು ದಿಮ್ಮಿ ಹೇಗೆ ಸಿಕ್ಕಿದೆ ಎಂದು ನೋಡಿಬರಬೇಕು. ಮರುದಿನ ದಿಮ್ಮಿಗೆ ಸರಪಳಿ ಬಿಗಿದು, ತಾನು ಪಕ್ಕದ ಗೋಡೆಯ ಮರೆಗೆ ಸರಿದುಕೊಂಡು ಸನ್ನೆಗೆ ಹಗ್ಗ ಜಗ್ಗಬೇಕು. ಮೇಲೆ ಮೇಸ್ತ್ರಿ ಬಾಗಿಲನ್ನು ಗೇಣುದ್ದ ಎತ್ತಬೇಕು, ಆಳುಗಳು ಸರಪಳಿ ಎಳೆದು ದಿಮ್ಮಿ ಬಿಡಿಸಬೇಕು. ಬಾಗಿಲು ಎದ್ದ ಗಳಿಗೆಯಲ್ಲಿ ಆ ಸಂದಿನ ಎದುರು ಇದ್ದವನನ್ನು ನೀರು ಎಳೆದುಕೊಂಡುಬಿಡುತ್ತದೆ. ಆಮೇಲೆ ಹಗ್ಗ ಹಿಡಿದವನು ಎಂಥ ಭೀಮನಾದರೂ ಅಷ್ಟೇ.

"ನಿಮ್ ಕಣ್ಣಿಗೆ ಒಂದ್ಸಲ ಬಿದ್ರೆ ಸಾಕು ಚೆಲುವಯ್ಯ, ಅರ್ಧ ಕೆಲ್ಸ ಆದಂಗೆ" ಎಂದರು ಮೇಸ್ತ್ರಿ.

"ಅದ್ಕೇನು ಸಾಹೇಬ್ರೆ, ನೋಡ್ಕೊಂಡ್ ಬತ್ತೀನಿ" ಎಂದರು ಭಾವ.

ಒಳಗೆ ಅಕ್ಕ ಏನೋ ಕೈಜಾರಿಸಿದ ಸದ್ದಾಯಿತು. ಮಾರನೆಯ ದಿನ ದೀಪ ಮತ್ತೆ ತಂತಿಯ ಮೇಲಿತ್ತು.

ನೋಡಲು ಇಳಿಯುವ ದಿನ ಭಾವ ಪದ್ಧತಿಯಂತೆ ದೀಪ ಬಿಚ್ಚಿ ಉಂಗುರ ಮುಟ್ಟಿ ನೋಡಲು ಹೋದರು. ಅಕ್ಕ ಕೈ ಹಿಡಿದಳು. "ಬಿಚ್ಬೇಡಿ. ಬಣ್ಣ ಒಳಗೆ ಇನ್ನೂ ಹಸಿ, ಎದ್ದೋಯ್ತದೆ. ನಾನೇ ಉಂಗ್ರ ಕೂರ್ಸಿ ಮುಚ್ಚಿದೀನಿ." ಭಾವ ಬಕೆಟಿನ ನೀರಿನಲ್ಲಿ ಅದ್ದಿ ನೋಡಿದರು, ಗುಳ್ಳೆ ಬರಲಿಲ್ಲ. ಸರಿ ಎಂದು ಹೊರಟೆವು.

ನಮ್ಮ ಕೆಲಸದಲ್ಲಿ ಒಂದು ಮಾತಿಗೆ ಎದುರು ಮಾತಿಲ್ಲ: ದೀಪ ಆರಿತೋ, ಮೇಲಕ್ಕೆ ಬಾ. ಇನ್ನೊಂದು ನಿಮಿಷ, ಇನ್ನೊಂದು ಮಾರು ಎನ್ನುವಂತಿಲ್ಲ. ನನಗೆ ಆ ಕೆಲಸ ಕಲಿಸಿದ ದಿನವೇ ಭಾವ ಅದನ್ನು ಕಿವಿ ಹಿಂಡಿ ಹೇಳಿದ್ದರು.

ಭಾವ ಇಳಿದರು. ಕೆಸರು ನೀರು, ದೀಪದ ಬೆಳಕು ಒಂದಾಳು ಕೆಳಗೆ ಹೋಗುವವರೆಗೆ ಹಳದಿಯಾಗಿ ಕಂಡು ಮಾಯವಾಯಿತು. ಹಗ್ಗ ಸರಿಯಾಗಿ ಹೋಯಿತು, ನಿಂತಿತು, ಆ ಕಡೆ ಈ ಕಡೆ ಆಡಿತು. ಎಲೆ ಅಡಿಕೆ ಹಾಕಿಕೊಂಡೆ, ಉಗಿದೆ. ಮೇಸ್ತ್ರಿಯವರು ಕಟ್ಟೆಯ ಮೇಲೆ ಕೊಡೆ ಬಿಡಿಸಿಕೊಂಡು ನಿಂತಿದ್ದರು. ಭಾವ ಎಂದಿಗಿಂತ ಜಾಸ್ತಿ ಹೊತ್ತೇ ಕೆಳಗಿದ್ದರು. ಕೊನೆಗೆ ಹಗ್ಗ ಜಗ್ಗಿತು, ಎಳೆದುಕೊಂಡೆ. ತಲೆ ಮೇಲೆ ಬಂತು, ಕೈ ಚಾಚಿ ದೀಪವನ್ನು ನನ್ನ ಕೈಗೆ ಕೊಟ್ಟರು.

ದೀಪ ಆರಿತ್ತು. ಗಾಜಿನ ಹಿಂದೆ ಕೆಂಪು ನೀರು ಅಂಚಿನ ತನಕ ತುಂಬಿ ಅಲುಗಾಡುತ್ತಿತ್ತು. ಅಷ್ಟು ನೀರು ತುಂಬಬೇಕಾದರೆ ಅದು ಇಳಿದ ಸ್ವಲ್ಪ ಹೊತ್ತಿಗೇ ಆರಿಹೋಗಿರಬೇಕು.

ನಾನು ಬಾಯಿ ತೆಗೆಯುವ ಮೊದಲೇ ಭಾವ ಮುಖವಾಡ ಹಣೆಗೆ ಏರಿಸಿಕೊಂಡು ಕಟ್ಟೆಯತ್ತ ಕೂಗಿದರು: "ಎಲ್ಲಾ ನೋಡ್ದೆ ಸಾಹೇಬ್ರೆ! ಎಡಗಡೆ ಮೂಲೇಲಿ ಸಿಕ್ಕೊಂಡದೆ. ನಾಳೆ ಎತ್ತೋಣ!" ಆಮೇಲೆ ನನ್ನ ಕಡೆ ತಿರುಗಿ, "ನಿಮ್ಮಕ್ಕನ ಕೈಯೇ ಕೈ ಕಣ್ಲಾ. ಲೈಟು ಹಾಲು ಚೆಲ್ಲಿದಂಗಿತ್ತು" ಎಂದರು.

ಆ ದೀಪ ನನ್ನ ತೊಡೆಯ ಮೇಲೆಯೇ ಇತ್ತು. ಅಯ್ಯೋ ದೇವರೇ, ಎಂದುಕೊಂಡೆ. ಹೂವಿನವಳ ಬುಟ್ಟಿ ನೆನಪಾಯಿತು, ದೋಣಿ ಹತ್ತುವಾಗ ಅವರು ಮೊದಲು ಅಂಚನ್ನು ತಡವುವುದು ನೆನಪಾಯಿತು. ನಾನು ಅದನ್ನೆಲ್ಲ ಗತ್ತು ಎಂದುಕೊಂಡಿದ್ದೆ. ದೀಪಕ್ಕೆ ಟವೆಲು ಸುತ್ತಿ ಸುಮ್ಮನೆ ಹುಟ್ಟು ಹಾಕಿದೆ.

ಮನೆಗೆ ಬಂದಾಗ ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಭಾವ ಬಟ್ಟೆ ಬದಲಿಸಲು ಒಳಗೆ ಹೋದರು. ಅವಳು ನನ್ನ ತೋಳು ಹಿಡಿದು ಹಿತ್ತಿಲಿಗೆ ಎಳೆದುಕೊಂಡು ಹೋಗಿ ಕೇಳಿದ ಮೊದಲ ಮಾತು: "ಬೇಗ ಬಂದ್ರಾ?"

"ಏನು?"

"ಇಳಿದ್ಮೇಲೆ ಬೇಗ ಮೇಲಕ್ ಬಂದ್ರಾ ಅಂತ ಕೇಳ್ದೆ ಕಣೋ!"

"ಎಲ್ಲಿ ಬೇಗ? ಯಾವತ್ತಿಗಿಂತ ಜಾಸ್ತೀನೇ ಇದ್ರು."

ಅಕ್ಕ ಒಗೆಯುವ ಕಲ್ಲಿನ ಮೇಲೆ ಕುಸಿದು ಕೂತಳು. ನನಗೆ ಸಿಟ್ಟು ನೆತ್ತಿಗೇರಿತ್ತು. ಟವೆಲು ಬಿಚ್ಚಿ, ದೀಪದ ಗಾಜು ತಿರುಗಿಸಿ, ನೀರು ಚೆಲ್ಲಿ, ಉಂಗುರ ಎಬ್ಬಿಸಿ ತೋಡನ್ನು ಅವಳ ಮೂಗಿನ ಮುಂದೆ ಹಿಡಿದೆ. ಅಲ್ಲಿ ಗಂಟುಗಂಟಾಗಿ ಕರೀ ಬಣ್ಣ ಕೂತಿತ್ತು.

"ಏನಕ್ಕಾ ಇದು? ಹೊಸಬಳೇನು ನೀನು? ಮಣ್ ತಿನ್ನೋ ಮಗೂಗೂ ಗೊತ್ತು, ಇಲ್ಲಿ ಬಣ್ಣ ಬೀಳ್ಬಾರ್ದು ಅಂತ!"

"ಬೀಳ್ಲಿಲ್ಲ. ಹಚ್ದೆ."

ನಾನು ದೀಪವನ್ನು ಕಲ್ಲಿನ ಮೇಲೆ ಅವಳ ಪಕ್ಕ ಇಟ್ಟೆ.

"ನಂಗೆ ತಿಳ್ಕೋಬೇಕಾಗಿತ್ತು" ಎಂದಳು ಅಕ್ಕ. ಅವಳ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಕೇಳಿರಲಿಲ್ಲ. "ಲೈಟು ಆರಿದ್ದು ಕಂಡ್ರೆ ಮೇಲಕ್ ಬತ್ತಾರೆ. ಬಂದ್ಬಿಟ್ರೆ ನಂದೇ ಹುಚ್ಚು ಅಂದ್ಕೊಂಡು ದೇವ್ರಿಗೆ ಕಾಯಿ ಒಡೆಸ್ತಿದ್ದೆ. ಕಾಣ್ದೇ ಇದ್ರೆ, ಲೈಟ್ ಇದ್ರೇನು, ಇಲ್ದಿದ್ರೇನು? ಇವತ್ತು ಬರೀ ನೋಡಾಕೆ ತಾನೆ ಇಳಿದಿದ್ದು. ಬಾಗಿಲು ಎತ್ತಲ್ವಲ್ಲ."

"ಯಾವಾಗಿಂದ ಗೊತ್ತು ನಿಂಗೆ?"

ಅವಳು ದೀಪ ತೆಗೆದುಕೊಂಡು ಅದರ ಮೂತಿಯ ಸುತ್ತ ಹೆಬ್ಬೆರಳು ಆಡಿಸಿದಳು. ಮೊದಲೆಲ್ಲ ಹಿಡಿಯ ಹತ್ತಿರ, ಬೆರಳು ಕೂರುವ ಕಡೆ ಬಣ್ಣ ಸವೆಯುತ್ತಿತ್ತಂತೆ. ಎಲ್ಲರ ದೀಪವೂ ಹಾಗೆಯೇ ಸವೆಯುವುದು. ಹೋದ ಮಳೆಗಾಲದ ಈಚೆಗೆ ಮೂತಿಯ ಒಂದೇ ಮಗ್ಗುಲು ಜಜ್ಜಿಹೋಗಿ ಬರತೊಡಗಿತು. ಕುರುಡರು ಕೋಲು ತಟ್ಟುವ ಹಾಗೆ ಅವರು ಆ ದೀಪದಿಂದ ಕಲ್ಲು, ಗೋಡೆ, ಕಬ್ಬಿಣ ತಟ್ಟಿಕೊಂಡು ದಾರಿ ಹುಡುಕುತ್ತಿದ್ದರು. ಅಕ್ಕ ಜಜ್ಜಿದ್ದನ್ನು ಉಜ್ಜಿ, ಗುಳಿಗಳಿಗೆ ಪುಟ್ಟಿ ಮೆತ್ತಿ, ಬಣ್ಣ ಹಚ್ಚಿ, ಯಾರಿಗೂ ಗೊತ್ತಾಗದ ಹಾಗೆ ಮಾಡಿ ಕಳಿಸುತ್ತಿದ್ದಳು.

"ಯಾಕೇ ಮುಚ್ಚಿಟ್ಟೆ? ಅವ್ರಿಗೇ ಹೇಳ್ಬೋದಿತ್ತಲ್ಲ!"

"ಕಣ್ಣಿನ ವೈದ್ಯರ ಹತ್ರ ಹೋಗಾಣ ಅಂದೆ. ನಾಕು ದಿನ ಮಾತಾಡ್ಲಿಲ್ಲ. ಇಳೀಬೇಡಿ ಅನ್ನಾಕಾಯ್ತದಾ ನಾನು? ನೀನೇ ಹೇಳು."

ಆಗುವುದಿಲ್ಲ. ನಮ್ಮವರಲ್ಲಿ ಅದೊಂದು ಕಟ್ಟಳೆ. ಮುಳುಗುವವನ ಹೆಂಡತಿ ನೀರಿನ ದಡಕ್ಕೆ ಬರಬಾರದು, 'ಇಳಿಯಬೇಡ' ಎನ್ನುವ ಮಾತು ಅವಳ ಬಾಯಿಂದ ಬೀಳಬಾರದು. ಬಿದ್ದರೆ ಅವನು ಆ ನೀರಿಗೆ ಇಳಿಯುವಂತಿಲ್ಲ. ಮುಂದೆ ಆ ಕಟ್ಟೆಯಲ್ಲಿ ಹಸು ಮುಳುಗಲಿ, ಮೀನು ಸಿಗದೆ ಹೋಗಲಿ, ಎಲ್ಲ ಅವಳ ತಲೆಗೇ. ಹಾಗೆ ಅಂದವಳೊಬ್ಬಳಿದ್ದಳಂತೆ, ನಮ್ಮ ತಾಯಿಯ ಕಾಲದಲ್ಲಿ. ಮದುವೆ ಮನೆಗಳಿಗೆ ಅವಳನ್ನು ಸಾಯುವ ತನಕ ಯಾರೂ ಕರೆಯಲಿಲ್ಲ.

"ನೀನು ಹೇಳು" ಎಂದಳು ಅಕ್ಕ. "ನೀನು ಹಗ್ಗ ಹಿಡಿಯೋನು. ನಿನ್ ಮಾತಿಗೆ ಬೆಲೆ ಅದೆ."

ಸಂಜೆ ಜಗುಲಿಯಲ್ಲಿ ಭಾವನ ಪಕ್ಕ ಕೂತೆ. ಅಲ್ಲಿ ಇಲ್ಲಿ ಸುತ್ತಿ ಕೊನೆಗೆ ಅಂದೇಬಿಟ್ಟೆ: "ಭಾವ, ಲೈಟು ಕೆಳಗೆ ಆರೋಗಿತ್ತು."

ಅವರು ತಟಕ್ಕನೆ ನಕ್ಕರು. "ಮೇಲಕ್ ಬರೋವಾಗ ಆರ್ತು ಕಣ್ಲಾ. ಹೇಳಾಕ್ ಮರ್ತಿದ್ದೆ."

"ಒಳಗೆ ತುಂಬಾ ನೀರಿತ್ತು, ಭಾವ."

"ಏನೋ ನಿಂದು?" ನಗು ಹೋಗಿತ್ತು. "ನಾನು ನೀರಿಗಿಳಿದಾಗ ನೀನು ಚಡ್ಡಿಗೆ ಲಾಡಿ ಕಟ್ಟಾಕೆ ಬರ್ದೋನು. ನಂಗೆ ನೀರಿನ ಲೆಕ್ಕ ಹೇಳ್ಕೊಡ್ತೀಯಾ? ಹಗ್ಗ ಹಿಡಿಯಾಕೆ ಭಯ ಆದ್ರೆ ಹೇಳು, ಬೇರೆಯವ್ರು ಸಿಗ್ತಾರೆ."

ಬೇರೆಯವರು ಸಿಗುತ್ತಿದ್ದರು, ಅದೇ ಸಂಕಟ. ನಾನು ಹಗ್ಗ ಹಿಡಿಯಲಿಲ್ಲ ಎಂದರೆ ಇನ್ನೊಬ್ಬ ಹಿಡಿಯುತ್ತಾನೆ, ಆ ಸಂದಿನ ಎದುರು ಇವರು ಗೋಡೆಯ ಮರೆ ಎಲ್ಲಿದೆಯೆಂದು ತಡವುತ್ತಿರುವಾಗ ಮೇಸ್ತ್ರಿ ಬಾಗಿಲು ಎತ್ತುತ್ತಾರೆ. ಮೇಸ್ತ್ರಿಗೆ ಹೇಳೋಣವೆಂದರೆ, ನನ್ನ ಕೈಯಲ್ಲಿ ಏನಿತ್ತು? ಬಣ್ಣ ಬಳಿದ ಒಂದು ದೀಪ, ಮೇಲಕ್ಕೆ ಬರುವಾಗ ಆರಿತು ಎನ್ನುವ ಒಬ್ಬ ಮೀಸೆಯ ಮನುಷ್ಯ. ಊರು ಯಾರನ್ನು ನಂಬುತ್ತದೆಂದು ನನಗೆ ಗೊತ್ತಿತ್ತು. ಅಡುಗೆಮನೆಯ ಬಾಗಿಲಲ್ಲಿ ನಿಂತು ಅಕ್ಕ ಎಲ್ಲವನ್ನೂ ಕೇಳಿಸಿಕೊಂಡಳು. ಆಮೇಲೆ ಒಳಗೆ ಹೋದಳು.

ಬೆಳಿಗ್ಗೆ ನಾನು ಹೋದಾಗ ತಂತಿಯ ಮೇಲೆ ಪಂಚೆ ಇತ್ತು, ಕುಪ್ಪಸ ಇತ್ತು, ದೀಪ ಇರಲಿಲ್ಲ. "ಬಣ್ಣ ಒಣಗಿಲ್ವಂತೆ, ಒಲೆ ಹತ್ರ ಇಟ್ಟವ್ಳಂತೆ. ಆಮೇಲೆ ಯಾರ ಕೈಲಾದ್ರೂ ಕಳಿಸ್ತಾಳಂತೆ, ನಡಿ" ಎಂದರು ಭಾವ. ಹೊರಟೆವು.

ಕಟ್ಟೆಯ ಮೇಲೆ ಜನ ಸೇರಿದ್ದರು. ಮೇಸ್ತ್ರಿಯವರು ಬಾಗಿಲು ಎತ್ತುವ ಚಕ್ರಕ್ಕೆ ಎಣ್ಣೆ ಬಿಟ್ಟು ಆಳುಗಳನ್ನು ನಿಲ್ಲಿಸಿದ್ದರು. ಭಾವ ಸೀಸದ ಪಟ್ಟಿ ಕಟ್ಟಿಕೊಂಡರು. ನಾನು ಹಗ್ಗದ ಗಂಟು ಹಾಕುವ ನೆಪದಲ್ಲಿ ಬಿಚ್ಚಿ ಕಟ್ಟಿ, ಬಿಚ್ಚಿ ಕಟ್ಟಿ ಹೊತ್ತು ಕಳೆಯುತ್ತಿದ್ದೆ. ಅಷ್ಟರಲ್ಲಿ ಜನ ಗುಸುಗುಸು ಅಂದರು, ಪಕ್ಕಕ್ಕೆ ಸರಿದರು. ಅಕ್ಕ ಬರುತ್ತಿದ್ದಳು.

ನೆಟ್ಟಗೆ ನಡೆದು ಬಂದು ಭಾವನ ಎದುರು ನಿಂತು, ಸೆರಗಿನಿಂದ ದೀಪ ತೆಗೆದು ಅವರ ಕೈಗೆ ಕೊಟ್ಟಳು. ಅದರ ಮೇಲೆ ಒಂದು ಚೂರೂ ಬಣ್ಣ ಇರಲಿಲ್ಲ. ಅಷ್ಟು ಸಲ ಹಚ್ಚಿದ್ದನ್ನೆಲ್ಲ, ಮೆತ್ತಿದ ಪುಟ್ಟಿಯನ್ನೂ ಸೇರಿಸಿ, ಅಕ್ಕ ಕೆರೆದುಹಾಕಿದ್ದಳು. ಬರೀ ಲೋಹ ಬಿಸಿಲಿಗೆ ಬೆಳ್ಳಗೆ ಹೊಳೆಯುತ್ತಿತ್ತು. ಮೂತಿಯ ಒಂದು ಮಗ್ಗುಲು ಜಜ್ಜಿ ಜಜ್ಜಿ ಹಲ್ಲುಹಲ್ಲಾಗಿ ಒಳಕ್ಕೆ ಕೂತಿತ್ತು.

"ಯಾಕ್ ಬಂದೆ ಇಲ್ಲಿಗೆ?" ಎಂದರು ಭಾವ, ಹಲ್ಲು ಕಚ್ಚಿ. ಅವರ ಬೆರಳು ದೀಪದ ಮೈಮೇಲೆ ಹರಿದವು. ಹಿಡಿಯಿಂದ ಮೇಲಕ್ಕೆ ಬಂದವು, ಮೂತಿಯ ಮೇಲೆ ನಿಂತವು. ಹೆಬ್ಬೆರಳು ಆ ಜಜ್ಜಿನ ಮೇಲೆ ಒಂದು ಸಲ ಹೋಯಿತು, ತಿರುಗಿ ಬಂತು. ತಾನು ತಟ್ಟಿದ ಪ್ರತಿಯೊಂದು ಕಲ್ಲೂ ಅಲ್ಲಿ ಅವರಿಗೆ ಸಿಕ್ಕಿರಬೇಕು.

"ಬಣ್ಣ ಎಲ್ಲಿ?" ಎಂದರು.

"ಕೆರೆದಾಕ್ದೆ."

"ಬರೀ ಮೈಲಿ ಇಳಿದ್ರೆ ನೀರು ತಿಂದ್ಬಿಡ್ತದೆ."

"ಅದ್ಕೇ" ಎಂದಳು ಅಕ್ಕ. ಆಮೇಲೆ ಇಡೀ ಕಟ್ಟೆಗೆ ಕೇಳುವ ಹಾಗೆ ದನಿ ಎತ್ತಿದಳು. "ಇಳೀಬೇಡಿ. ಎಲ್ರೂ ಕೇಳ್ಸ್ಕೊಳ್ಳಿ, ನಾನು ತಾಯಮ್ಮ ಹೇಳ್ತಾ ಇದೀನಿ. ನೀವು ಈ ನೀರಿಗೆ ಇಳೀಬೇಡಿ."

ಯಾವುದೋ ಮುದುಕಿ "ಶಿವಶಿವಾ" ಎಂದು ಮುಖ ತಿರುಗಿಸಿಕೊಂಡಳು. ಮೇಸ್ತ್ರಿಯವರು ಜಜ್ಜಿಹೋದ ದೀಪವನ್ನು ನೋಡಿದರು, ಭಾವನ ಮುಖ ನೋಡಿದರು, ಚಕ್ರದ ಹಿಡಿಯಿಂದ ಮೆಲ್ಲಗೆ ಕೈ ತೆಗೆದರು. ಅವರಿಗೆ ಎಷ್ಟು ಅರ್ಥವಾಯಿತೋ ನನಗೆ ತಿಳಿಯದು. ಆ ವಿಷಯ ಅವರು ಯಾವತ್ತೂ ಎತ್ತಲಿಲ್ಲ.

ಭಾವ ಹೊಡೆಯುತ್ತಾರೆ ಅಂದುಕೊಂಡೆ. ನಡುವೆ ಹೋಗಿ ನಿಲ್ಲೋಣವೆಂದು ಹಗ್ಗ ಕೆಳಗಿಟ್ಟೆ. ಅವರು ದೀಪವನ್ನು ನನ್ನ ಕೈಗಿಟ್ಟು, ಸೀಸದ ಪಟ್ಟಿ ಬಿಚ್ಚಿ ಕೆಳಕ್ಕೆ ಹಾಕಿದರು.

"ಬಾಯಿ ಬಿಟ್ಬಿಟ್ಳು ಸಾಹೇಬ್ರೆ" ಎಂದರು ಮೇಸ್ತ್ರಿಯತ್ತ ತಿರುಗಿ. "ಇನ್ನು ನಾನು ಈ ನೀರಿಗೆ ಇಳಿಯಂಗಿಲ್ಲ. ಬೇರೆಯವ್ರನ್ನ ನೋಡ್ಕಳಿ."

ಊರು ಅದನ್ನೇ ನಂಬಿತು. ದೀಪದ ಮೂತಿ ಎಲ್ಲರ ಕಣ್ಣಿಗೂ ಬಿದ್ದಿತ್ತು, ಆದರೆ ಅದಕ್ಕಿಂತ ಹೆಂಗಸಿನ ಬಾಯಿಯ ಸುದ್ದಿ ರುಚಿ. ಹೆಂಡತಿಯ ಹಾಳು ಬಾಯಿಂದ ಎಂಥ ಮುಳುಗುಗಾರ ಮೂಲೆ ಸೇರಿದ ಎಂದು ವರ್ಷಗಟ್ಟಲೆ ಆಡಿಕೊಂಡಿತು. ಕೀಟಲೆ ಮಾಡುತ್ತಿದ್ದ ಹೆಂಗಸರು ಬೇಲಿಯ ಹತ್ತಿರ ಬರುವುದನ್ನು ಬಿಟ್ಟರು. ನನ್ನ ಮಗಳ ಮದುವೆಯಲ್ಲಿ ಅಕ್ಕನಿಂದ ಅರಿಶಿನ ಹಚ್ಚಿಸಬಾರದೆಂದು ಬೀಗರು ಹಟ ಹಿಡಿದರು. ನಾನು ಮದುವೆಯನ್ನೇ ನಿಲ್ಲಿಸುತ್ತೇನೆಂದು ಎದ್ದು ನಿಂತಾಗ ಅಕ್ಕನೇ ನನ್ನನ್ನು ಗದರಿ ಕೂರಿಸಿದಳು. ನಿಜ ಹೇಳಲು ಅವಳು ಯಾವತ್ತೂ ಬಿಡಲಿಲ್ಲ. ಅದಕ್ಕೇ ನನಗೆ ಇವತ್ತಿಗೂ ಆ ಊರಿನ ಮೇಲೆ ಕೋಪ.

ಆ ದಿನ ಕಟ್ಟೆಯಿಂದ ಮನೆಗೆ ಹೋಗುವಾಗ ಅವರಿಬ್ಬರೂ ಮುಂದೆ, ಸಾಮಾನು ಹೊತ್ತುಕೊಂಡು ನಾನು ಹಿಂದೆ. ಜನ ಬಿಟ್ಟ ದಾರಿಯಲ್ಲಿ ಭಾವ ಎಂದಿನಂತೆ ಎದೆ ಸೆಟೆಸಿಕೊಂಡೇ ನಡೆದರು. ಕಟ್ಟೆಯ ಇಳಿಜಾರು ಬಂದಾಗ ಒಂದು ಗಳಿಗೆ ನಿಂತರು. ಕೈ ಎತ್ತಿ, ಅಷ್ಟು ಜನರ ಎದುರು, ಅಕ್ಕನ ಹೆಗಲ ಮೇಲೆ ಇಟ್ಟರು. ಅಕ್ಕ ತಿರುಗಿ ನೋಡಲಿಲ್ಲ. ಸೆರಗು ಹೊದ್ದುಕೊಂಡು ಹೆಜ್ಜೆ ಸಣ್ಣದು ಮಾಡಿದಳು, ತುಟಿ ಅಲುಗಿಸದೆ ಹೇಳುತ್ತ ಹೋದಳು: "ಕಲ್ಲು... ಇಲ್ಲಿ ತಗ್ಗು... ಈಗ ಮೆಟ್ಲು."